ಕೆರೆಯಿಂದ ಕೊಡದ ತನಕ

ನಮ್ಮ ಸಾಲಿಯ ಮ್ಯಾಲೆ 500 ಲೀಟರಿನ ಒಂದು ಪ್ಲಾಸ್ಟಿಕ್ ಟಾಕಿ ಇದೆ. ಶನಿವಾರ ಮಧ್ಯಾಹ್ನ ತುಂಬಿಸಿ ಹೋದರೆ ಸೋಮವಾರ ಬರುವಷ್ಟರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತಿತ್ತು. ಹುಡುಗರು ನೀರು ಚೆಲ್ಲಾಡ್ತಾರ ಅಂತ ನಾವು ಮಾಸ್ತರರೆಲ್ಲ ಬೈಯುತ್ತಿದ್ದೆವು. ಒಂದು ದಿನ ಐದನೇ ಇಯತ್ತೆಯ ಹುಡುಗಿಯೊಬ್ಬಳು, "ಸರ್, ಐತಾರ ನಾವು ಸಾಲಿಗೇ ಬಂದಿಲ್ಲಲ್ರೀ, ಮತ್ತ ನೀರು ಯಾರು ಚೆಲ್ಲಿದ್ರು?" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಆಮೇಲೆ ನೋಡಿದರೆ, ಹಿಂದಿನ ಮೋರಿಯ ಹತ್ತಿರದ ನಳ ಸಣ್ಣಗೆ ಸೋರುತ್ತಿತ್ತು. ಅದರ ಕೆಳಗೆ 200 ಮಿಲಿಲೀಟರ್ ಹಿಡಿಯುವ ಗ್ಲಾಸು ಇಟ್ಟು ಗಡಿಯಾರ ನೋಡಿದೆವು. ಎರಡು ನಿಮಿಷಕ್ಕೆ ಗ್ಲಾಸು ತುಂಬಿತು. ಹುಡುಗರೇ ಫಳಿಯ ಮ್ಯಾಲೆ ಲೆಕ್ಕ ಮಾಡಿದರು. ತಾಸಿಗೆ 6 ಲೀಟರ್, ದಿನಕ್ಕೆ 144 ಲೀಟರ್, ವರ್ಷಕ್ಕೆ 52 ಸಾವಿರ ಲೀಟರಿಗೂ ಹೆಚ್ಚು. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಅನ್ನುತ್ತದೆ. ಅಂದರೆ ಇಬ್ಬರಿಗಿಂತ ಹೆಚ್ಚು ಮಂದಿಯ ಪಾಲಿನ ನೀರನ್ನು ಆ ಒಂದು ನಳ ಸುಮ್ಮನೆ ಕುಡಿಯುತ್ತಿತ್ತು. ಹತ್ತು ರೂಪಾಯಿಯ ವಾಷರು ಹಾಕಿದ ಮ್ಯಾಲೆ ನಿಂತಿತು.

ಆ ಹುಡುಗಿಯ ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ನಾವು ಸೋಲಾಪುರ-ಅಕ್ಕಲಕೋಟ ಸೀಮೆಯವರು. ಮಳೆ ಕಡಿಮೆ, ಬರ ಹಳೆಯದು. ನೀರಿನ ಮಾತು ಬಂದ ಕೂಡಲೇ "ಹೊಸ ಧರಣ ಬೇಕು, ಹೊಸ ಪೈಪ್‌ಲೈನ್ ಬೇಕು" ಅನ್ನುತ್ತೇವೆ. ತಂದ ನೀರು ಕೆರೆಯಿಂದ ಕೊಡದ ತನಕ ಬರುವ ದಾರಿಯಲ್ಲಿ ಎಷ್ಟು ಹೋಯಿತು, ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ನಮ್ಮ ಭಾಗದ ನೀರಿನ ಇತಿಹಾಸವನ್ನು ಆ ಕಡೆಯಿಂದ ಒಮ್ಮೆ ನೋಡೋಣ.

ಮೊದಲಿಗೆ ಸಿದ್ಧರಾಮನ ಕೆರೆ. 12ನೇ ಶತಮಾನದ ಶರಣ ಸಿದ್ಧರಾಮ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೋಲಾಪುರದಲ್ಲಿ, ಕೆರೆ ಕಟ್ಟಿಸಿದ. ರಾಘವಾಂಕ ಕವಿ 'ಸಿದ್ಧರಾಮ ಚಾರಿತ್ರ'ದಲ್ಲಿ ಅವನ ಕಥೆ ಹೇಳಿದ್ದಾನೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದಾಗಲೂ ಅಲ್ಲಿ ಕೆರೆ ಕಟ್ಟುವ ಕೆಲಸ ನಡೆದಿತ್ತು ಅಂತ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಇಂದು ಸಂಕ್ರಮಣದ ಗಡ್ಡಾ ಜಾತ್ರೆಗೆ ಹೋದವರೆಲ್ಲ ಆ ಕೆರೆಯ ನಡುವಿನ ಗುಡಿಗೆ ಕೈ ಮುಗಿದು ಬಂದಿರುತ್ತಾರೆ.

ಆ ಕೆರೆ ಊರಿನ ಮಗ್ಗುಲಲ್ಲೇ ಇತ್ತು ಅನ್ನುವುದನ್ನು ಗಮನಿಸಬೇಕು. ಹೆಣ್ಣುಮಗಳು ಕೊಡ ಹೊತ್ತು ಹೋಗಿ ತುಂಬಿಕೊಂಡು ಬರುವಷ್ಟು ಹತ್ತಿರ. ನಡುವೆ ಪೈಪಿಲ್ಲ, ವಾಲ್ವಿಲ್ಲ. ಬಿಸಿಲಿಗೆ ಆರಿ ಹೋಗುವ ನೀರು ನಷ್ಟವೇ ಹೌದು. ಆದರೆ ನೆಲಕ್ಕೆ ಇಳಿದ ನೀರು ಸುತ್ತಲಿನ ಬಾವಿಗಳಿಗೆ ಬರುತ್ತಿತ್ತು. ಸೋರಿದ್ದೂ ಊರೊಳಗೇ ಉಳಿಯುತ್ತಿತ್ತು. ದಾರಿ ಉದ್ದವಾದ ಮ್ಯಾಲೆಯೇ ದಾರಿಯಲ್ಲಿ ನೀರು ಕಳೆಯುವ ಮಾತು ಬಂದದ್ದು.

ದೂರದ ನೀರನ್ನು ಊರಿಗೆ ತರುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಅಕ್ಕಲಕೋಟ ತಾಲೂಕಿನಲ್ಲಿ ಹರಿಯುವ ಬೋರಿ ನದಿಗೆ ಮ್ಯಾಲ್ಗಡೆ ನಳದುರ್ಗದ ಕೋಟೆ ಇದೆ. ಅಲ್ಲಿ ಎರಡನೇ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರಲ್ಲಿ, ಇದೇ ಬೋರಿ ನದಿಗೆ ಕಲ್ಲಿನ ಒಡ್ಡು ಕಟ್ಟಿ ಅದರ ಹೊಟ್ಟೆಯಲ್ಲೇ ಪಾಣಿ ಮಹಲು ಕಟ್ಟಿದರು. ಮಳೆಗಾಲದಲ್ಲಿ ಒಡ್ಡಿನ ಮ್ಯಾಲಿಂದ ನೀರು ಧುಮುಕುವಾಗ ಒಳಗಿನ ಕೋಣೆಯಲ್ಲಿ ನಿಂತವರು ಒದ್ದೆಯಾಗುವುದಿಲ್ಲ. ಸಾಲಿ ಸಹಲು ಹೋದವರಿಗೆಲ್ಲ ಗೊತ್ತಿರುವ ಸಂಗತಿ ಇದು. ನೀರು ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಅನ್ನುವುದು ಆ ಗವಂಡಿಗಳಿಗೆ ಚಲೋ ತಿಳಿದಿತ್ತು.

ಅದೇ ಮನೆತನದ ರಾಜಧಾನಿ ವಿಜಯಪುರದಲ್ಲಿ ಇದಕ್ಕಿಂತ ದೊಡ್ಡ ಪಾಠ ಇದೆ. ಅಲ್ಲಿ ತೊರವಿ ಕಡೆಯಿಂದಲೂ, 1651ರಲ್ಲಿ ಮಹಮ್ಮದ ಆದಿಲಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಲಾಬದಿಂದಲೂ ನೆಲದೊಳಗಿನ ದಾರಿಯಿಂದ ಶಹರಕ್ಕೆ ನೀರು ತಂದರು. ಬೇಗಂ ತಲಾಬದ ನೀರಿಗೆ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತಲೂ ಗಚ್ಚು ಕಟ್ಟಿ ನೆಲದಲ್ಲಿ ಹೂತರು. ನಡುನಡುವೆ 25ರಿಂದ 40 ಅಡಿ ಎತ್ತರದ ಗೋಪುರಗಳನ್ನು ನಿಲ್ಲಿಸಿದರು. ಅವಕ್ಕೆ 'ಗಂಜ್' ಅನ್ನುತ್ತಾರೆ. ಇಂದೂ ವಿಜಯಪುರದ ಓಣಿಗಳಲ್ಲಿ ಕೆಲವು ನಿಂತಿವೆ. ಬಸ್ಸಿನಿಂದ ನೋಡಿದವರು ಹಳೆಯ ಕಾವಲು ಬುರುಜು ಅಂತ ತಿಳಿಯುತ್ತಾರೆ.

ಈ ಗಂಜ್ ಯಾಕೆ ಬೇಕಾಗಿತ್ತು? ಎತ್ತರದಿಂದ ಇಳಿದು ಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಸೀಳುತ್ತದೆ. ಅದಕ್ಕೇ ನಡುವೆ ಗೋಪುರ. ನೀರು ಅದರೊಳಗೆ ಏರಿ, ಒತ್ತಡ ಕಳೆದುಕೊಂಡು, ಮುಂದಿನ ಕೊಳವೆಗೆ ತಣ್ಣಗೆ ಇಳಿಯುತ್ತದೆ. ಹೊತ್ತು ತಂದ ರಾಡಿಯೂ ಅಲ್ಲೇ ತಳಕ್ಕೆ ಕೂಡುತ್ತದೆ. ಇನ್ನೊಂದು ಉಪಯೋಗವೂ ಆಗುತ್ತದೆ. ಒಂದು ಗಂಜ್‌ಗೆ ನೀರು ಏರಿ ಮುಂದಿನದಕ್ಕೆ ಏರಲಿಲ್ಲ ಅಂದರೆ ಒಡಕು ಅವೆರಡರ ನಡುವೆಯೇ ಇದೆ. ಇಡೀ ದಾರಿ ಅಗೆಯಬೇಕಾಗಿಲ್ಲ. ಪೈಪು ಒಡೆಯುತ್ತದೆ ಅಂತ ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು. ನಾವು ಒಡೆಯುವುದೇ ಇಲ್ಲ ಅಂದುಕೊಂಡು ಹೂಳುತ್ತೇವೆ, ಮ್ಯಾಲೆ ಡಾಂಬರು ಹಾಕುತ್ತೇವೆ, ಪೈಪು ಎಲ್ಲಿ ಹೋಗಿದೆ ಅನ್ನುವುದನ್ನೂ ಮರೆಯುತ್ತೇವೆ.

ಮತ್ತೆ ಸೋಲಾಪುರಕ್ಕೆ ಬರೋಣ. ಇಂಗ್ರಜಿ ಆಳಿಕೆಯಲ್ಲಿ ಶಹರ ಬೆಳೆಯಿತು. 1852ರಲ್ಲಿ ನಗರಪಾಲಿಕೆ ಬಂತು, 1870ರ ದಶಕದಲ್ಲಿ ಹಳೆಯ ಗಿರಣಿ ಬಂತು. ಶಹರಕ್ಕೆ ಐದು ಮೈಲಿ ದೂರ, ಆದಿಲಾ ನದಿಗೆ ಅಡ್ಡಲಾಗಿ ಏಕರೂಖ ಕೆರೆ ಕಟ್ಟಿದರು. ನಮ್ಮ ಮಂದಿ ಹಿಪ್ಪರಗಾ ಕೆರೆ ಅನ್ನುವುದು ಅದಕ್ಕೇ. 1871ರಲ್ಲಿ ಮುಗಿಯಿತು. ಒಂದೂಕಾಲು ಮೈಲಿಗೂ ಮಿಕ್ಕಿದ ಮಣ್ಣಿನ ಒಡ್ಡು. ಆಗಿನ ಮುಂಬಯಿ ಪ್ರಾಂತದಲ್ಲಿ ಮನುಷ್ಯರು ಕಟ್ಟಿದ ಕೆರೆಗಳಲ್ಲಿ ಅತಿ ದೊಡ್ಡದು ಅಂತ ಹೆಸರಾಗಿತ್ತು. ಮೊದಲು ಹೊಲಕ್ಕಂತ ಕಟ್ಟಿದ್ದು, ಮುಂದೆ ಶಹರದ ಕುಡಿಯುವ ನೀರಿಗೂ ಅದೇ ಆಧಾರವಾಯಿತು.

ಶಹರ ಇನ್ನೂ ಬೆಳೆಯಿತು, ಏಕರೂಖದಲ್ಲಿ ಹೂಳು ತುಂಬಿತು, ಮಳೆ ಕೈಕೊಟ್ಟ ವರ್ಷ ಕೆರೆ ತಳ ಕಂಡಿತು. ಆಗ ಭೀಮಾ ನದಿಯ ದಂಡೆಯ ಟಾಕಳಿಯಿಂದ ನೀರು ಎತ್ತಿ ಸೋರೇಗಾವಿಗೆ ತಂದು ಶುದ್ಧ ಮಾಡುವ ಯೋಜನೆ ಬಂತು. ಅದೂ ಸಾಲದಾಗಿ 1990ರ ದಶಕದ ಕೊನೆಗೆ ಉಜನಿ ಧರಣದಿಂದಲೇ ನೇರ ಪೈಪು ಹಾಕಿದರು. 1969ರಲ್ಲಿ ಶುರುವಾಗಿ 1980ರಲ್ಲಿ ಮುಗಿದ ಉಜನಿ, ತುಂಬಿದರೆ ಸುಮಾರು 117 ಟಿಎಂಸಿ ಹಿಡಿಯುತ್ತದೆ.

ಸಿದ್ಧರಾಮನ ಕೆರೆ ಊರ ಮಗ್ಗುಲಲ್ಲಿ, ಏಕರೂಖ ಐದು ಮೈಲಿ, ಟಾಕಳಿ ಅದಕ್ಕಿಂತ ದೂರ, ಉಜನಿ ನೂರು ಕಿಲೋಮೀಟರಿಗೂ ಆಚೆ. ಕೊರತೆ ಬಂದಾಗೊಮ್ಮೆ ನಾವು ದೂರ ದೂರ ಹೋದೆವು. ದಾರಿ ಉದ್ದವಾದಂತೆ ದಾರಿಯ ಖರ್ಚೂ ಬೆಳೆಯಿತು.

ಆ ಖರ್ಚು ಎಷ್ಟು ಅನ್ನುವುದಕ್ಕೆ ಟಾಕಳಿಯ ಲೆಕ್ಕವನ್ನೇ ನೋಡಬೇಕು. ಟಾಕಳಿಗೆ ನೀರು ಬರುವುದು ಪೈಪಿನಿಂದಲ್ಲ, ನದಿಯಿಂದ. ಬ್ಯಾಸಿಗೆಯಲ್ಲಿ ಭೀಮಾ ಒಣಗಿದಾಗ ಉಜನಿಯಿಂದ ನದಿಗೆ ನೀರು ಬಿಡುತ್ತಾರೆ. ಅದು ಪಂಢರಪುರ ದಾಟಿ, ಮಂಗಳವೇಢೆ ಸೀಮೆ ದಾಟಿ, ಉಸುಕಿನಲ್ಲಿ ಇಂಗುತ್ತಾ, ಬಿಸಿಲಿಗೆ ಆರುತ್ತಾ, ದಾರಿಯ ಬಂಧಾರಗಳಲ್ಲಿ ನಿಲ್ಲುತ್ತಾ, ಎಂಟು-ಹತ್ತು ದಿನಕ್ಕೆ ಔರಾದ, ಚಿಂಚಪುರದ ಬಂಧಾರ ಮುಟ್ಟುತ್ತದೆ. ಒಂದು ಸಲಕ್ಕೆ ಐದು ಟಿಎಂಸಿಯಷ್ಟು ನೀರು ಬೇಕಾಗುತ್ತದೆ. ವರ್ಷದಲ್ಲಿ ಇಂಥ ಸರದಿ ಮೂರ್ನಾಲ್ಕು.

ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಒಂಬತ್ತೂವರೆ ಲಕ್ಷ ಮಂದಿಯ ಶಹರ ದಿನಕ್ಕೆ 17 ಕೋಟಿ ಲೀಟರ್ ಬಳಸುತ್ತದೆ ಅಂತ ಹಿಡಿಯೋಣ. ಒಂದು ಟಿಎಂಸಿ 166 ದಿನ ಬರುತ್ತದೆ. ಇಡೀ ವರ್ಷಕ್ಕೆ ಎರಡೂಕಾಲು ಟಿಎಂಸಿ ಸಾಕು. ಅಂದರೆ ನದಿಗೆ ಒಂದು ಸಲ ಬಿಟ್ಟ ಐದು ಟಿಎಂಸಿ ನೀರು ಪೈಪಿನಲ್ಲಿ ಬಂದಿದ್ದರೆ ಸೋಲಾಪುರಕ್ಕೆ ಎರಡು ವರ್ಷಕ್ಕಿಂತ ಹೆಚ್ಚು ಆಗುತ್ತಿತ್ತು. ನಮ್ಮ ಸಾಲಿಯ ನಳದ ಲೆಕ್ಕ ಮಾಡಿದ ಹುಡುಗರಿಗೆ ಇದನ್ನೂ ಮಾಡಲು ಹೇಳಿದೆ. ಸೊನ್ನೆ ಎಣಿಸಿ ಎಣಿಸಿ ಎರಡು ಸಲ ತಪ್ಪಿದರು. ಮೂರನೇ ಸಲ ಉತ್ತರ ಬಂದಾಗ ನಂಬಲಿಲ್ಲ.

ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಉಳಿದ ನೀರೆಲ್ಲ ಹಾಳಾಯಿತೇ? ನದಿ ದಂಡೆಯ ರೈತನನ್ನು ಕೇಳಿರಿ. ಶಹರದ ಲೆಕ್ಕದಲ್ಲಿ ಇಂಗಿ ಹೋದ ನೀರು ಅವನ ಬಾವಿಯಲ್ಲಿ ಏರಿರುತ್ತದೆ. ಬಂಧಾರದಲ್ಲಿ ನಿಂತ ನೀರು ಅವನ ಕಬ್ಬಿಗೆ, ಜೋಳಕ್ಕೆ, ಊರಿನ ಕುಡಿಯುವ ಬಾವಿಗೆ ಆಗಿರುತ್ತದೆ. ಶಹರಕ್ಕೆ ನೀರು ಮುಟ್ಟಬೇಕಂತ ನದಿ ದಂಡೆಯ ಪಂಪುಗಳ ಕರೆಂಟು ತೆಗೆದಾಗ ಅವನು ಸಿಟ್ಟಾಗುವುದು ಅದಕ್ಕೇ. ಅವನು ಕದ್ದ ಅಂತ ಶಹರದವರು, ನಮ್ಮ ನದಿ ಅಂತ ಅವನು. ಒಬ್ಬರ ಸೋರಿಕೆ ಇನ್ನೊಬ್ಬರ ಬದುಕು.

ಇದು ಈಗ ಬರೀ ಚರ್ಚೆಯ ಮಾತಲ್ಲ. ಸ್ಮಾರ್ಟ್ ಸಿಟಿ ಯೋಜನೆಯೊಳಗೆ ಉಜನಿಯಿಂದ ಸೋಲಾಪುರಕ್ಕೆ ದಿನಕ್ಕೆ 17 ಕೋಟಿ ಲೀಟರ್ ತರುವ ಎರಡನೇ ಪೈಪ್‌ಲೈನ್ ಕೈಗೆತ್ತಿಕೊಂಡರು. ಶಹರಕ್ಕೆ ನೀರೆಲ್ಲ ಪೈಪಿನಲ್ಲೇ ಬಂದರೆ ಶಹರದ ಹೆಸರಿನಲ್ಲಿ ನದಿಗೆ ನೀರು ಬಿಡುವ ಕಾರಣವೇ ಇರುವುದಿಲ್ಲ. ಧರಣದಲ್ಲಿ ಹತ್ತಾರು ಟಿಎಂಸಿ ಉಳಿಯುತ್ತದೆ. ಒಳ್ಳೆಯದೇ. ಆದರೆ ಆ ಉಳಿದ ನೀರು ಯಾರಿಗೆ? ಇಷ್ಟು ವರ್ಷ ಶಹರದ ನೀರಿನ ನೆರಳಿನಲ್ಲಿ ಬದುಕಿದ ದಕ್ಷಿಣ ಸೋಲಾಪುರ, ಮಂಗಳವೇಢೆ, ಅಕ್ಕಲಕೋಟ ತಾಲೂಕಿನ ನದಿ ದಂಡೆಯ ಊರುಗಳಿಗೆ ಅವರದೇ ಹೆಸರಿನಲ್ಲಿ ಪಾಲು ಬರೆಯುತ್ತಾರೋ, ಇಲ್ಲವೋ? ಸೋರಿಕೆ ನಿಲ್ಲಿಸುವ ಮೊದಲು ಆ ಸೋರಿಕೆಯ ಮ್ಯಾಲೆ ಯಾರು ಬದುಕಿದ್ದಾರೆ ಅಂತ ನೋಡಬೇಕು. ನೀರು ಉಳಿಸುವುದಕ್ಕೆ ನಾನು ಬ್ಯಾಡ ಅನ್ನುವುದಿಲ್ಲ. ಪಾಲಿನ ಲೆಕ್ಕ ಕಾಗದದ ಮ್ಯಾಲೆ ಬರಲಿ ಅನ್ನುತ್ತೇನೆ. ಕಾಗದದಲ್ಲಿ ಇಲ್ಲದ ನೀರನ್ನು ಕೇಳಲು ಬರುವುದಿಲ್ಲ.

ಹಾಗಾದರೆ ಶಹರದೊಳಗೆ ಹೋದ ನೀರೆಲ್ಲ ಮನೆ ಮುಟ್ಟುತ್ತದೆಯೇ? ಇದು ಸೋಲಾಪುರ ಒಂದರ ಪ್ರಶ್ನೆಯಲ್ಲ, ಎರಡು ಸಾವಿರ ವರ್ಷದ ಪ್ರಶ್ನೆ. ಕ್ರಿ.ಶ. 97ರಲ್ಲಿ ರೋಮ ನಗರದ ನೀರಿನ ಅಧಿಕಾರ ಫ್ರಾಂಟಿನಸ್ ಎಂಬವನ ಕೈಗೆ ಬಂತು. ಅವನು ಮೊದಲು ಮಾಡಿದ ಕೆಲಸ ಅಳತೆ. ಕಾಲುವೆಯ ಬಾಯಿಯಲ್ಲಿ ಎಷ್ಟು ನೀರು, ದಫ್ತರದಲ್ಲಿ ಎಷ್ಟು, ಶಹರದಲ್ಲಿ ಹಂಚಿದ್ದು ಎಷ್ಟು ಅಂತ ತಾಳೆ ನೋಡಿದ. ಒಂದಕ್ಕೊಂದು ಕೂಡಲಿಲ್ಲ. ಅಗೆಸಿ ನೋಡಿದರೆ ರಸ್ತೆಯ ಕೆಳಗೆಲ್ಲ ಕಳ್ಳ ಪೈಪು. ನೀರು ಬಿಡುವ ಆಳುಗಳೇ ದುಡ್ಡು ತಗೊಂಡು ತೂತು ಕೊರೆದು ಕೊಟ್ಟಿದ್ದರು. ಕಿತ್ತು ತೆಗೆದ ಸೀಸದ ಪೈಪೇ ದೊಡ್ಡ ರಾಶಿಯಾಯಿತು ಅಂತ ಅವನೇ ಬರೆದಿಟ್ಟಿದ್ದಾನೆ. ನೀರು ಹೋಗುವುದು ಎರಡು ದಾರಿಯಿಂದ. ಒಂದು ಒಡಕಿನಿಂದ ಮಣ್ಣಿಗೆ, ಇನ್ನೊಂದು ಲೆಕ್ಕ ಇಲ್ಲದೆ ಯಾರದೋ ಮನೆಗೆ.

1873ರ ಸುಮಾರಿಗೆ, ಅಂದರೆ ನಮ್ಮ ಏಕರೂಖ ಕೆರೆ ಮುಗಿದ ಎರಡು ವರ್ಷಕ್ಕೆ, ಇಂಗ್ಲೆಂಡಿನ ಲಿವರಪೂಲಿನಲ್ಲಿ ಜಾರ್ಜ್ ಡೀಕನ್ ಎಂಬ ಇಂಜಿನಿಯರು ಇನ್ನೊಂದು ಹಾದಿ ಕಂಡುಹಿಡಿದ. ಆ ಶಹರದಲ್ಲೂ ಆಗ ನಮ್ಮ ಹಾಗೆ ಪಾಳಿಯ ಮ್ಯಾಲೆ ನೀರು. ಅವನು ಒಂದೊಂದು ಓಣಿಯ ಪೈಪಿಗೆ ಮೀಟರು ಕೂಡಿಸಿ ರಾತ್ರಿಯ ಹರಿವು ನೋಡಿದ. ನಡುರಾತ್ರಿ ಎಲ್ಲರೂ ಮಲಗಿದಾಗ ನೀರು ಯಾಕೆ ಹರಿಯಬೇಕು? ಹರಿದರೆ ಅದು ಸೋರಿಕೆ. ಯಾವ ಓಣಿಯಲ್ಲಿ ರಾತ್ರಿ ಹರಿವು ಹೆಚ್ಚೋ ಅಲ್ಲಿಗೆ ಆಳು ಕಳಿಸಿ, ನಳದ ಚಾವಿಗೆ ಕೋಲು ಹಚ್ಚಿ ಕಿವಿಗೊಟ್ಟು ಕೇಳಿ, ಒಡಕು ಹುಡುಕಿ ದುರಸ್ತಿ ಮಾಡಿಸಿದ. ಮೊದಲಿಗಿಂತ ಕಡಿಮೆ ನೀರಿನಲ್ಲೇ ದಿನವಿಡೀ ನೀರು ಕೊಡಲು ಬಂತು.

ಇಂಥದ್ದು ದೂರದ ದೇಶದಲ್ಲಷ್ಟೇ ಆಗುತ್ತದೆ ಅನ್ನಬೇಡಿರಿ. ನಮ್ಮ ಬೀಗರೂರು ಕಲಬುರಗಿಯಲ್ಲಿ, ಬೆಳಗಾವಿ, ಹುಬ್ಬಳ್ಳಿ-ಧಾರವಾಡದಲ್ಲಿ 2008ರ ಹೊತ್ತಿಗೆ ಕೆಲವು ಓಣಿಗಳನ್ನು ಆರಿಸಿ 24 ತಾಸು ನೀರು ಕೊಡುವ ಪ್ರಯೋಗ ಮಾಡಿದರು. ಹಳೆಯ ಪೈಪು ತೆಗೆದು ಹೊಸದು ಹಾಕಿದರು, ಓಣಿಗೊಂದು ದೊಡ್ಡ ಮೀಟರು, ಮನೆಗೊಂದು ಸಣ್ಣ ಮೀಟರು ಕೂಡಿಸಿದರು. ದಿನವಿಡೀ ನೀರು ಬಂದರೆ ಮಂದಿ ಹಾಳು ಮಾಡ್ತಾರ ಅಂತ ಅಂದಿದ್ದವರು ಬಹಳ. ಹಾಗಾಗಲಿಲ್ಲ. ನಾಳೆ ನೀರು ಬರ್ತದ ಅಂತ ನಂಬಿಕೆ ಇದ್ದರೆ ನಿನ್ನೆಯ ನೀರು ಯಾರು ಚೆಲ್ಲುತ್ತಾರೆ? ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲೇ ಹಾಂಡೆ ತೊಳೆದು ಹಳೆಯ ನೀರು ಮೋರಿಗೆ ಸುರಿಯುವುದು. ಮತ್ತೊಂದು ಲಾಭ ಆರೋಗ್ಯದ್ದು. ಪೈಪು ಖಾಲಿ ಇದ್ದಾಗ, ಅದರಲ್ಲೂ ಯಾರಾದರೂ ನಳಕ್ಕೆ ಮೋಟರು ಹಚ್ಚಿ ಎಳೆದಾಗ, ನೀರು ಹೊರಗೆ ಸೋರುವ ಅದೇ ತೂತಿನಿಂದ ಮೋರಿಯ ಹೊಲಸು ಒಳಗೆ ಬರುತ್ತದೆ. ಹಾಗಂತ ಆ ಪ್ರಯೋಗದಲ್ಲಿ ತಂಟೆ ಇರಲಿಲ್ಲ ಅಂತಲ್ಲ. ಮೀಟರಿನ ಜೊತೆ ಬಿಲ್ಲೂ ಬಂತು, ಬಡವರು ಹ್ಯಾಂಗ ಕಟ್ಟಬೇಕು ಅನ್ನುವ ಜಗಳವೂ ಬಂತು. ಆ ಮಾತನ್ನೂ ಮರೆಯಬಾರದು.

ನಮ್ಮ ದೇಶದ ಸರಕಾರ ಶಹರಗಳಿಗೆ ಒಂದು ಗುರಿ ಇಟ್ಟಿದೆ. ನೂರು ಕೊಡ ಬಿಟ್ಟರೆ ಲೆಕ್ಕ ತಪ್ಪಿ ಹೋಗುವುದು ಇಪ್ಪತ್ತಕ್ಕಿಂತ ಹೆಚ್ಚಾಗಬಾರದು ಅಂತ. ಇಪ್ಪತ್ತು ಹೋದರೂ ಪಾಸು ಅನ್ನುವ ಪರೀಕ್ಷೆ ಇದು. ಅದರಲ್ಲೂ ಪಾಸಾಗದ ಶಹರಗಳು ಬಹಳ.

ಇನ್ನು ನಮ್ಮೂರು. ಅಕ್ಕಲಕೋಟ ಶಹರಕ್ಕೆ ಬೋರಿ ನದಿಯ ಕುರನೂರ ಧರಣ ಆಧಾರ. ಈಗ ಉಜನಿ ನೀರನ್ನು ಏಕರೂಖ ಕೆರೆಗೆ ತಂದು ಅಲ್ಲಿಂದ ಮ್ಯಾಲೆತ್ತಿ ನಮ್ಮ ತಾಲೂಕಿನ ಕಡೆ ಕಳಿಸುವ ಯೋಜನೆಯೂ ಇದೆ. ಅಷ್ಟು ದೂರದಿಂದ, ಅಷ್ಟು ಕರೆಂಟು ಸುಟ್ಟು ತಂದ ನೀರು ನಮ್ಮ ಟಾಕಿಯ ಕೆಳಗಿನ ಗುಂಡಿಯಲ್ಲಿ ಹೋದರೆ ಯಾರಿಗೆ ದೂರಬೇಕು?

ಹಳ್ಳಿಗೆ ದೊಡ್ಡ ಯಂತ್ರ ಬೇಕಾಗಿಲ್ಲ. ಡೀಕನ್ ಸಾಹೇಬನ ಉಪಾಯ ನಮ್ಮ ಟಾಕಿಗೂ ನಡೆಯುತ್ತದೆ. ರಾತ್ರಿ ಹತ್ತಕ್ಕೆ ಟಾಕಿ ತುಂಬಿಸಿ, ಓಣಿಯ ವಾಲ್ವು ತೆರೆದಿಟ್ಟು, ಮನೆಯ ನಳಗಳನ್ನು ಮಾತ್ರ ಎಲ್ಲರೂ ಬಂದ್ ಮಾಡುವುದು. ಮುಂಜಾನೆ ಐದಕ್ಕೆ ಒಂದು ಬಿದಿರ ಕೋಲು ಇಳಿಸಿ ನೋಡುವುದು. ನೀರು ಎಷ್ಟು ಇಳಿದಿದೆಯೋ ಅಷ್ಟು ಸೋರಿಕೆ. ಮರುರಾತ್ರಿ ಒಂದೊಂದೇ ಓಣಿಯ ವಾಲ್ವು ಮುಚ್ಚುತ್ತಾ ನೋಡಿದರೆ ಒಡಕು ಯಾವ ಓಣಿಯಲ್ಲಿದೆ ಅನ್ನುವುದೂ ತಿಳಿಯುತ್ತದೆ. ವಿಜಯಪುರದ ಗಂಜ್ ಮಾಡಿದ ಕೆಲಸವೇ ಇದು. ಸಾಲಿಯ ಹುಡುಗರಿಗೆ ಇದಕ್ಕಿಂತ ಚಲೋ ಗಣಿತದ ಪಾಠ ಇಲ್ಲ. ಬಂದ ಅಂಕಿಯನ್ನು ಗ್ರಾಮಸಭೆಯಲ್ಲಿ ಓದಿ, ನಮ್ಮ ವಾಚನಾಲಯದ ಫಳಿಯ ಮ್ಯಾಲೆ ಬರೆಯೋಣ. ಪಾಣಿಪಟ್ಟಿ ಕಟ್ಟದವರ ಹೆಸರು ಬರೆಯುವ ಜಾಗದ ಮಗ್ಗುಲಲ್ಲೇ ಕಳೆದ ನೀರಿನ ಲೆಕ್ಕವೂ ಇರಲಿ.

ಸಿದ್ಧರಾಮ ಕೆರೆ ಕಟ್ಟಿದ್ದನ್ನು ನಾವು ವರ್ಷಕ್ಕೊಮ್ಮೆ ನೆನೆಯುತ್ತೇವೆ. ಕೆರೆ ಕಟ್ಟುವುದು ಅವನಂಥವರ ಕೆಲಸ. ಕಟ್ಟಿದ ಕೆರೆಯ ನೀರು ಕಡೆಯ ಮನೆಯ ಕೊಡ ಮುಟ್ಟಿತೋ ಇಲ್ಲವೋ ಅಂತ ನೋಡುವುದು ನಮ್ಮಂಥವರ ಕೆಲಸ. ಐತಾರ ನೀರು ಯಾರು ಚೆಲ್ಲಿದ್ರು ಅಂತ ಕೇಳಿದ ಆ ಹುಡುಗಿಗೆ ಉತ್ತರ ಕೊಡಲು ನಮಗೆ ಒಂದು ಗ್ಲಾಸು, ಒಂದು ಗಡಿಯಾರ ಸಾಕಾಯಿತು. ಊರಿನ ಪ್ರಶ್ನೆಗೆ ಉತ್ತರ ಬೇಕಾದರೆ ಒಂದು ರಾತ್ರಿ ಎದ್ದಿರಬೇಕು, ಅಷ್ಟೇ.